ಗುರೆಳ್ಳಿನ ಕಹಿ

ನನ್ನ ಬಾಳಿನ ಮೊದಲ ಗೆಲುವಿಗೆ ಮೊಸರೇ ಕಾರಣ ಎಂದು ನಾನು ಇಪ್ಪತ್ತೈದು ವರ್ಷ ನಂಬಿದ್ದೆ. ಬರೀ ನಂಬಿದ್ದೆ ಎಂದರೆ ಕಡಿಮೆಯಾದೀತು. ಕಂಡಕಂಡವರಿಗೆ ಹೇಳಿದ್ದೆ, ಕಾಲೇಜಿನಲ್ಲಿ ಅದನ್ನೇ ಓದಿದ್ದೆ, ಅದರ ಮೇಲೆಯೇ ನೌಕರಿ ಹಿಡಿದಿದ್ದೆ, ಕೊನೆಗೆ ಹೆತ್ತ ಮಗಳನ್ನೂ ಅದರ ಮೇಲೆ ಪಣಕ್ಕಿಟ್ಟಿದ್ದೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದವಳು ನನ್ನ ಆಯಿ, ಅಂದರೆ ಅಪ್ಪನ ತಾಯಿ. ಹಾಲಿನವನಿಗೆ ಹೇಳುತ್ತಿದ್ದಾಳೆ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಆರಂಭ. ನಾನು ಐದನೆಯ ಇಯತ್ತೆಯಲ್ಲಿ, ಅಂದರೆ ಐದನೆಯ ತರಗತಿಯಲ್ಲಿದ್ದೆ. ಅಪ್ಪ ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಕಾರಕೂನ. ಅಲ್ಲಿಂದ ಸೈಕಲ್ಲಿನ ದಾರಿಯಷ್ಟು ದೂರದ ಚಾಳಿನಲ್ಲಿ ನಮ್ಮ ಎರಡು ಖೋಲಿಯ ಮನೆ. ಅಪ್ಪ, ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕ ತಮ್ಮ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಎರಡರಲ್ಲೂ ನನಗೆ ಬೈಗುಳ ಬೀಳುತ್ತಿತ್ತು.

ಕಾರಣ ಇತ್ತು. ನನಗೆ ಕುಳಿತಲ್ಲಿ ಕೂರಲು ಆಗುತ್ತಿರಲಿಲ್ಲ. ಪುಸ್ತಕ ತೆರೆದು ಮೊದಲ ಸಾಲು ಓದುವಷ್ಟರಲ್ಲಿ ಹೊರಗೆ ನಲ್ಲಿಯ ಹತ್ತಿರ ಬಕೆಟ್ ಇಟ್ಟ ಸದ್ದು. ಅದು ಯಾರ ಬಕೆಟ್ ಎಂದು ನೋಡಲು ಹೋದರೆ ಅಲ್ಲೊಂದು ಬೆಕ್ಕು. ಬೆಕ್ಕಿನ ಹಿಂದೆ ಹೋದರೆ ಮೂರನೆಯ ಮನೆಯ ಅಟ್ಟ. ಅಷ್ಟರಲ್ಲಿ ಪುಸ್ತಕ ಎಲ್ಲಿಟ್ಟೆ ಎಂಬುದೂ ಮರೆತಿರುತ್ತಿತ್ತು. ಶಾಲೆಯಲ್ಲಿ ಡಬ್ಬಿ, ಚಪ್ಪಲಿ, ಒಮ್ಮೆ ಮೈಮೇಲಿನ ಸ್ವೆಟರ್ ಕೂಡ ಕಳೆದು ಬಂದಿದ್ದೆ. ನಮ್ಮ ತರಗತಿಯ ಬಾಯಿ, ಅಂದರೆ ಟೀಚರು, ಪ್ರಗತಿ ಪುಸ್ತಕದಲ್ಲಿ ಪ್ರತಿ ಸಲ ಒಂದೇ ಮಾತು ಬರೆಯುತ್ತಿದ್ದರು: ಹುಶಾರ್ ಆಹೆ, ಪಣ ಲಕ್ಷ ನಾಹೀ. ಜಾಣೆ ಹೌದು, ಲಕ್ಷ್ಯ ಇಲ್ಲ. ಅಪ್ಪ ಮೊದಲರ್ಧವನ್ನು ಓದುತ್ತಲೇ ಇರಲಿಲ್ಲ.

ಇದರ ಜೊತೆಗೆ ಗಂಟಲ ಬೇನೆ. ತಿಂಗಳು ಬಿಟ್ಟು ತಿಂಗಳು ಗಂಟಲು ಬಾತು ಜ್ವರ ಬರುತ್ತಿತ್ತು. ಚಾಳಿನ ತುದಿಯ ಡಾಕ್ಟರು ಕೆಂಪು ಹಳದಿ ಕ್ಯಾಪ್ಸೂಲು ಬರೆದುಕೊಡುತ್ತಿದ್ದರು. ಅದನ್ನು ನುಂಗಿದರೆ ಗಂಟಲು ಸರಿ, ಹೊಟ್ಟೆ ಹಾಳು. ಅನ್ನ ಕಂಡರೆ ಆಗದು, ಉಂಡರೆ ನಿಲ್ಲದು. ಹೀಗೆ ಮೂರು ವರ್ಷ. ನನ್ನ ಬಾಲ್ಯದ ಅರ್ಧ ಭಾಗ ಚಾಳಿನ ಸಾಮಾನ್ಯ ಪಾಯಖಾನೆಯ ಸಾಲಿನಲ್ಲಿ ನಿಂತು ಕಳೆಯಿತು ಎಂದರೆ ಉತ್ಪ್ರೇಕ್ಷೆ ಅಲ್ಲ.

ಕೊನೆಗೆ ಶಾಲೆಯವರೇ ಹೇಳಿ, ಪುಣೆ ಪೇಟೆಯೊಳಗಿನ ಒಬ್ಬ ತಲೆಯ ಡಾಕ್ಟರ ಬಳಿಗೆ ಕಳಿಸಿದರು. ಅವರು ನನ್ನನ್ನು ಮಣಿ ಪೋಣಿಸಲು ಕೂರಿಸಿದರು. ನಾಲ್ಕು ಮಣಿ ಪೋಣಿಸಿ ಐದನೆಯದನ್ನು ಕಿಟಕಿಯಾಚೆ ಎಸೆದೆ. ಅರ್ಧ ಗುಳಿಗೆ ಬೆಳಿಗ್ಗೆ, ಅರ್ಧ ಸಂಜೆ ಎಂದು ಬರೆದರು. ಗುಳಿಗೆಯ ಕಹಿ ಎಷ್ಟೆಂದರೆ ನೀರು ಕುಡಿದ ಮೇಲೂ ನಾಲಿಗೆಯ ಬುಡದಲ್ಲಿ ಕೂತೇ ಇರುತ್ತಿತ್ತು. ಅವ್ವ ಕೊಟ್ಟದ್ದನ್ನು ಕೆನ್ನೆಯ ಒಳಗಿಟ್ಟುಕೊಂಡು ಹೋಗಿ ನೀರಿನ ಪೀಪಾಯಿಯ ಹಿಂದೆ ಉಗುಳುತ್ತಿದ್ದೆ. ಒಂದು ದಿನ ಅವ್ವ ಪೀಪಾಯಿ ಸರಿಸಿ ಕಸ ಹೊಡೆದಳು. ಅಲ್ಲಿ ಒಂದು ತಿಂಗಳ ಔಷಧ ಸಾಲುಗಟ್ಟಿ ಬಿದ್ದಿತ್ತು. ಅವತ್ತು ಬಿದ್ದ ಏಟುಗಳಲ್ಲಿ ಲತ್ತೆ ಯಾವುದು, ಗುದ್ದು ಯಾವುದು ಎಂದು ತಿಳಿಯಲಿಲ್ಲ.

ಅಪ್ಪ ತೀರ್ಪು ಕೊಟ್ಟ. ಈ ವರ್ಷ ಫೇಲಾದರೆ ಸೊಲ್ಲಾಪುರದ ಹುಡುಗಿಯರ ಹಾಸ್ಟೆಲ್ಲು. ಅಲ್ಲಿ ಅವನ ಕಾರ್ಖಾನೆಯ ಯಾರದೋ ಮಗಳಿದ್ದಳು. ಊಟಕ್ಕೆ ಗಂಟೆ, ಓದಿಗೆ ಗಂಟೆ, ಮಾತಾಡಿದರೆ ಬೆತ್ತ. ಅಪ್ಪ ಇದನ್ನು ಮೆಚ್ಚುಗೆಯಿಂದ ಹೇಳುತ್ತಿದ್ದ. ನಾನು ಹಗಲೆಲ್ಲ ಅದನ್ನೇ ನೆನೆದು ನಡುಗುತ್ತಿದ್ದೆ. ಆ ಒಂದು ವಿಷಯದಲ್ಲಿ ಮಾತ್ರ ನನ್ನ ಲಕ್ಷ್ಯ ಚೆನ್ನಾಗಿತ್ತು.

ಶ್ರಾವಣ ಮುಗಿದ ಮೇಲೆ ಇಂಡಿ ಹತ್ತಿರದ ನಮ್ಮ ಊರಿನಿಂದ ಆಯಿ ಬಂದಳು. ಸೊಲ್ಲಾಪುರದಲ್ಲಿ ಗಾಡಿ ಬದಲಿಸಿ, ತಲೆಯ ಮೇಲೆ ಜೋಳದ ಹಿಟ್ಟಿನ ಗಂಟು, ಕಂಕುಳಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಡಬ್ಬಿ. ಡಬ್ಬಿಯಲ್ಲಿ ಹೆಪ್ಪು, ಹಾಲಿಗೆ ಹಾಕಿ ಮೊಸರು ಮಾಡುವ ಒಂದು ಹಿಡಿ ಗಟ್ಟಿ ಮೊಸರು. ಪುಣೆಯ ಮೊಸರಿನ ಮೇಲೆ ಆಕೆಗೆ ನಂಬಿಕೆ ಇರಲಿಲ್ಲ. ತಾನು ಗಂಡನ ಮನೆಗೆ ಬರುವಾಗ ತವರಿನಿಂದ ತಂದ ಹೆಪ್ಪು ಅದು, ಒಂದು ದಿನವೂ ತಪ್ಪಿಸದೆ ನಡೆಸಿಕೊಂಡು ಬಂದಿದ್ದೇನೆ ಎನ್ನುತ್ತಿದ್ದಳು. ದೀಪ ಹಚ್ಚಿದ ಮೇಲೆ ಯಾರು ಕೇಳಿದರೂ ಒಂದು ಚಮಚ ಕೊಡುತ್ತಿರಲಿಲ್ಲ.

ನನ್ನ ಕಥೆ ಕೇಳಿ ಆಯಿ ನನ್ನನ್ನು ಚಾಪೆಯ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಆ ಕ್ಯಾಪ್ಸೂಲು ಕೂಸಿನ ಹೊಟ್ಟ್ಯಾಗಿನ ಹೆಪ್ಪ ಸುಟ್ಟ ಹಾಕ್ಯಾವ. ಹೆಪ್ಪ ಇಲ್ದ ಹಾಲು ನಿಂದರ್ತದೇನು? ತೆಲಿನೂ ಹಂಗ. ಮೊದಲ ಹೊಟ್ಟಿ ನಿಲ್ಲಿಸ್ರಿ, ಆಮ್ಯಾಲ ತೆಲಿ ತಾನ ನಿಲ್ತದ."

"ಅವ್ವಾ, ಇದು ಇಂಡಿ ಅಲ್ಲ. ಇಲ್ಲಿ ಭಾಳ ದೊಡ್ಡ ಡಾಕ್ಟರ್ ಅದಾರ," ಎಂದ ಅಪ್ಪ.

"ಡಾಕ್ಟರ್ ದೊಡ್ಡಾವ ಇದ್ರ ಏನಾತು? ಕೂಸಿನ ಹೊಟ್ಟಿ ಅಂವಾ ಮುಟ್ಟಿ ನೋಡ್ಯಾನೇನು?"

ನೋಡಿರಲಿಲ್ಲ. ಮುಂದಿನ ಸಲ ಆಯಿಯೇ ಡಾಕ್ಟರ ಬಳಿಗೆ ಬಂದು ತನ್ನ ಹೆಪ್ಪಿನ ವಿಚಾರವನ್ನು ಅಪ್ಪನಿಂದ ಹೇಳಿಸಿದಳು. ಡಾಕ್ಟರು ಒಳ್ಳೆಯವರು, ನಕ್ಕರು. ಅಜ್ಜೀ, ತಲೆ ಮೇಲಿದೆ, ಹೊಟ್ಟೆ ಕೆಳಗಿದೆ ಎಂದರು ಮರಾಠಿಯಲ್ಲಿ. ಆಯಿಗೆ ಅಷ್ಟು ಮರಾಠಿ ತಿಳಿಯುತ್ತಿತ್ತು. "ಹೂ ಮ್ಯಾಲ ಇರ್ತದ, ಬೇರು ಕೆಳಗ ಇರ್ತದ. ನೀರ ಎಲ್ಲಿ ಹಾಕ್ತೀರಿ?" ಎಂದು ಕೇಳಿದಳು. ಅಪ್ಪ ಇದನ್ನು ಮರಾಠಿಗೆ ತಿರುಗಿಸಿ ಹೇಳಲಿಲ್ಲ. ನನಗೆ ಮಾತ್ರ ಎದ್ದು ಕುಣಿಯಬೇಕೆನಿಸಿತು. ಕುಣಿದೆ ಕೂಡ.

ಮನೆಗೆ ಬಂದು ಆಯಿ ಪಂಥ ಕಟ್ಟಿದಳು. "ವಾರ್ಷಿಕ ಪರೀಕ್ಷಾ ತನಕ ಈಕೀನ್ನ ನನ್ನ ಕೈಯಾಗ ಕೊಡು. ಗುಳಿಗಿ ಬಂದ್. ಪಾಸ್ ಆಗ್ಲಿಲ್ಲಂದ್ರ ಹಾಸ್ಟೆಲಿಗರೆ ಹಾಕು, ಹಾಳಬಾವಿಗರೆ ಹಾಕು." ಅಪ್ಪ ತಾಯಿಯ ಮಾತು ಮೀರುವವನಲ್ಲ. ಹೂಂ ಎಂದ.

ಮರುದಿನ ಬೆಳಿಗ್ಗೆ ಆಯಿ ಒಂದು ಚಮಚ ಔಡಲೆಣ್ಣೆಯನ್ನು ಬಿಸಿ ಚಹಾದಲ್ಲಿ ಹಾಕಿ ನನ್ನ ಮುಂದೆ ಹಿಡಿದಳು. "ಇದು ಔಡಲೆಣ್ಣಿ. ಭಾಳ ಕೆಟ್ಟ ಇರ್ತದ. ಕಣ್ಣ ಮುಚ್ಚಿ ನುಂಗು, ನಾ ಅದೀನಿ." ಅರ್ಧ ಗುಳಿಗೆಯನ್ನು ಉಗುಳುತ್ತಿದ್ದ ನಾನು ಆ ಜಿಡ್ಡನ್ನು ಮೂಗು ಕೂಡ ಹಿಡಿಯದೆ ಗಟಗಟ ಕುಡಿದೆ. ಯಾಕೆಂದರೆ ಆಯಿ ಸುಳ್ಳು ಹೇಳಲಿಲ್ಲ. ಉಳಿದವರೆಲ್ಲ ಸಿಹಿ ಅದ, ಏನೂ ಆಗೂದಿಲ್ಲ ಎನ್ನುತ್ತಿದ್ದರು. ಆಯಿ ಕೆಟ್ಟದ್ದನ್ನು ಕೆಟ್ಟದ್ದು ಎಂದು ಹೇಳಿ ಕೊಟ್ಟಳು.

ಆಮೇಲೆ ಜೋಳದ ರೊಟ್ಟಿ, ಮಜ್ಜಿಗೆ, ಹೊತ್ತಿಗೆ ಸರಿಯಾಗಿ ಮೊಸರನ್ನ. ಪಾವ್ ಬಂದ್, ಬಿಸ್ಕೀಟು ಬಂದ್. ಎರಡು ತಿಂಗಳಲ್ಲಿ ಹೊಟ್ಟೆ ನಿಂತಿತು, ಅದು ಸತ್ಯ. ತಲೆ ನಿಲ್ಲಲಿಲ್ಲ, ಅದೂ ಸತ್ಯ. ಸಹಾಮಾಹಿಯಲ್ಲಿ, ಅಂದರೆ ದೀಪಾವಳಿಗೆ ಮುಂಚಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ, ಮೂರು ವಿಷಯಗಳಲ್ಲಿ ಢುಂ. ಅಪ್ಪ ಹಾಸ್ಟೆಲ್ಲಿನ ಅರ್ಜಿ ತಂದು ದೇವರ ಮಾಡದಲ್ಲಿ ಇಟ್ಟ. ವಿಭೂತಿ ಗಟ್ಟಿಯ ಪಕ್ಕದಲ್ಲೇ.

ದೀಪಾವಳಿ ಸೂಟಿಯಲ್ಲಿ ಆಯಿ ಹೊಸ ಕ್ರಮ ಶುರುಮಾಡಿದಳು. ಬರೀ ಮೊಸರು ಸಾಲದು, ಅದರ ಮೇಲೆ ಗುರೆಳ್ಳು ಚಟ್ನಿ ಬೇಕು ಎಂದಳು. ಗುರೆಳ್ಳು ಹುರಿದು, ಕೆಂಪು ಖಾರ ಬೆಳ್ಳುಳ್ಳಿ ಹಾಕಿ ಕುಟ್ಟಿದ ಕಪ್ಪು ಪುಡಿ. ನಮ್ಮ ಕಡೆ ಅದು ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ನನಗೆಂದು ಬೇರೆಯೇ ಒಂದು ಕಂಚಿನ ಬಟ್ಟಲು. ಬೆಳಿಗ್ಗೆ ಒಂದು, ಸಂಜೆ ಒಂದು. ಆಯಿ ಒಳಗಿನ ಖೋಲಿಯಲ್ಲಿ ಕಲಸಿ ತಂದು ಎದುರು ಕೂತು ತಿನ್ನಿಸುತ್ತಿದ್ದಳು. ಬಟ್ಟಲು ನೆಕ್ಕಿ ಮುಗಿಸುವವರೆಗೆ ಏಳುತ್ತಿರಲಿಲ್ಲ. ಜಗತ್ತಿನಲ್ಲಿ ಒಬ್ಬರಾದರೂ ನನಗಾಗಿ ಇಷ್ಟು ಹೊತ್ತು ಕೂರುತ್ತಾರಲ್ಲ ಎಂದು ನನ್ನ ಎದೆ ತುಂಬಿ ಬರುತ್ತಿತ್ತು.

"ಆಯೀ, ಚಟ್ನಿ ಕಹಿ ಅದ," ಎಂದೆ ಮೊದಲ ದಿನ.

"ಗುರೆಳ್ಳ ಸ್ವಲ್ಪ ಜಾಸ್ತಿ ಹುರದೀನಿ. ಹಂಗ ಹುರದ್ರನ ಗುಣ. ತಿನ್ನು."

ಒಮ್ಮೆ ತಮ್ಮ ಆಸೆಯಿಂದ ನನ್ನ ಬಟ್ಟಲಿಗೆ ಬೆರಳು ಹಾಕಿದ. ಆಯಿ ಅವನ ಕೈಗೆ ಚಟ್ಟನೆ ಹೊಡೆದಳು. ಮೊಮ್ಮಕ್ಕಳ ಮೇಲೆ ಆಕೆ ಕೈ ಎತ್ತಿದ್ದು ಅದೊಂದೇ ಸಲ. ಅವನು ಅಳುತ್ತಾ ಹೋದ. ನನಗೆ ಒಳಗೊಳಗೇ ಖುಷಿ. ಗಂಡು ಹುಡುಗನಿಗಿಂತ ನಾನೇ ಹೆಚ್ಚು ಎಂದು ತೋರಿಸಿದ ಹೊಡೆತ ಅದು ಅಂದುಕೊಂಡೆ. ವರ್ಷಾನುಗಟ್ಟಲೆ ಆ ಸದ್ದನ್ನು ನೆನೆದು ಹಿಗ್ಗಿದ್ದೇನೆ.

ಜನವರಿಯ ಹೊತ್ತಿಗೆ ಏನೋ ಆಯಿತು. ಬಕೆಟ್ಟಿನ ಸದ್ದು ಕೇಳಿಸುತ್ತಿತ್ತು, ಆದರೆ ಎದ್ದು ಹೋಗಲೇಬೇಕು ಅನಿಸುತ್ತಿರಲಿಲ್ಲ. ಪುಟ ಮುಗಿಯುವವರೆಗೆ ಪುಟದಲ್ಲೇ ಇರುತ್ತಿದ್ದೆ. ಒಂದು ಸಂಜೆ ಇಡೀ ಗಣಿತದ ಪಾಠ ಮುಗಿಸಿ ತಲೆ ಎತ್ತಿದರೆ ಅವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಏಪ್ರಿಲಿನಲ್ಲಿ ಪಾಸಾದೆ. ತರಗತಿಗೆ ಹನ್ನೊಂದನೆಯವಳು. ಅಪ್ಪ ಹಾಸ್ಟೆಲ್ಲಿನ ಅರ್ಜಿ ಹರಿದು ಒಲೆಗೆ ಹಾಕಿದ. ಆಯಿಯನ್ನು ಚಾಳಿನ ಹೆಂಗಸರೆಲ್ಲ ಬಂದು ನೋಡಿಹೋದರು, ಆಜೀಂಚಂ ದಹೀ, ಅಜ್ಜಿಯ ಮೊಸರು ಎಂದು ಹೊಗಳಿದರು. ಹಗಲು ಹೊತ್ತಿನಲ್ಲಿ ಬಂದು ಹೆಪ್ಪು ಒಯ್ದರು.

ಬಟ್ಟಲಿನ ಮೊಸರು ಏಳನೆಯ ಇಯತ್ತೆಯವರೆಗೆ ನಡೆಯಿತು. ಆಮೇಲೆ ಆಯಿ ತಾನೇ ಮೆಲ್ಲಗೆ ನಿಲ್ಲಿಸಿದಳು. ಇನ್ನು ಮೇಲೆ ಎಲ್ಲರ ಜೊತೆ ಉಣ್ಣು, ಹೊಟ್ಟೆ ಗಟ್ಟಿಯಾಗಿದೆ ಎಂದಳು. ಗುಳಿಗೆ ಬರೆದ ಡಾಕ್ಟರಿಗೆ ನಾನು ಸೋಲುಣಿಸಿದ್ದೇನೆ ಎಂಬ ಜಂಬ ನನಗೆ. ಕಾಲೇಜಿಗೆ ಬಂದಾಗ ಎಲ್ಲರೂ ಬೇರೆ ಬೇರೆ ಕಾರಣಕ್ಕೆ ಬೇರೆ ಬೇರೆ ವಿಷಯ ಆರಿಸಿಕೊಂಡರು. ನಾನು ಸೂಕ್ಷ್ಮಜೀವಿಶಾಸ್ತ್ರ ಆರಿಸಿಕೊಂಡದ್ದು ಮೊಸರಿಗಾಗಿ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಮೊಸರಿನ ಬ್ಯಾಕ್ಟೀರಿಯಾ ಕಂಡಾಗ, ಚಿಕ್ಕ ಚಿಕ್ಕ ಕಡ್ಡಿಗಳು, ನನಗೆ ಕಣ್ಣೀರು ಬಂತು. ನನ್ನನ್ನು ಹಾಸ್ಟೆಲ್ಲಿನಿಂದ ಉಳಿಸಿದವರು ಇವರೇ ಎಂದುಕೊಂಡೆ.

ಓಡಿಬಂದು ಆಯಿಗೆ ಹೇಳಿದೆ. ಆಗ ಆಕೆ ಹಾಸಿಗೆ ಹಿಡಿದಿದ್ದಳು. "ಆಯೀ, ನಿನ್ನ ಹೆಪ್ಪ ಇವತ್ತ ನಾ ಕಣ್ಣಾರೆ ನೋಡಿದೆ. ನನ್ನ ತೆಲಿ ನಿಲ್ಲಿಸಿದ್ದು ಅದೇ." "ನಿನ್ನ ಹಣೇಬರ ಚಲೋ ಇತ್ತವ್ವ," ಎಂದು ಆಯಿ ಗೋಡೆಯ ಕಡೆ ಹೊರಳಿದಳು. ದೊಡ್ಡವರು ಹೊಗಳಿಕೆಗೆ ಹೀಗೆಯೇ ನಾಚುತ್ತಾರೆ ಎಂದುಕೊಂಡೆ. ಎರಡು ತಿಂಗಳಲ್ಲಿ ತೀರಿಕೊಂಡಳು. ಹೆಪ್ಪು ನನ್ನ ಕೈಗೆ ಬಂತು.

ಅದನ್ನು ನಾನು ಬಾರಾಮತಿ ಹತ್ತಿರದ ಡೇರಿಯ ಪ್ರಯೋಗಶಾಲೆಗೆ ನೌಕರಿಗೆ ಹೋದಾಗ ಒಯ್ದೆ. ಚಾಕಣದ ಕಾರ್ಖಾನೆಯ ಇಂಜಿನಿಯರನನ್ನು ಮದುವೆಯಾಗಿ ಪುಣೆಗೆ ಮರಳಿದಾಗ ಮತ್ತೆ ತಂದೆ. ಮಗಳು ಹುಟ್ಟಿದಳು. ಮೂರು ವರ್ಷಕ್ಕೇ ಗೊತ್ತಾಯಿತು, ನನ್ನದೇ ಪಡಿಯಚ್ಚು. ಕುಂತಲ್ಲಿ ಕೂಡಳು, ನಿಂತಲ್ಲಿ ನಿಲ್ಲಳು. ಗಂಡ ಗಾಬರಿಯಾದ. ನಾನು ನಕ್ಕೆ. ನನ್ನ ಬಳಿ ಔಷಧ ಇತ್ತಲ್ಲ.

ಎರಡನೆಯ ಇಯತ್ತೆಯಲ್ಲಿ ಶಾಲೆಯವರು ಕರೆಸಿ ಹೇಳಿದರು, ಡಾಕ್ಟರಿಗೆ ತೋರಿಸಿ ಎಂದು. ತೋರಿಸಿದೆ. ನನ್ನ ವಯಸ್ಸಿನದೇ ಹೆಣ್ಣುಮಗಳು ಆ ಡಾಕ್ಟರು. ಗುಳಿಗೆಯ ಮಾತು ತೆಗೆದ ಕೂಡಲೇ ನಾನು ಪರ್ಸಿನಿಂದ ಒಂದು ಕತ್ತರಿಸಿದ ಕಾಗದ ತೆಗೆದೆ. ಮರಾಠಿ ಪತ್ರಿಕೆಯ ಭಾನುವಾರದ ಪುಟ. ಹೊಟ್ಟೆಯೊಳಗಿನ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೂ ಮೆದುಳಿಗೂ ಮಾತುಕತೆ ಇರಬಹುದು, ಮಕ್ಕಳ ಚಂಚಲತೆಗೂ ಅದಕ್ಕೂ ನಂಟು ಇದ್ದೀತೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ ಎಂದು ಅದರಲ್ಲಿತ್ತು. ಹುಡುಕುತ್ತಿದ್ದಾರೆ, ಇನ್ನೂ ಗೊತ್ತಾಗಿಲ್ಲ ಎಂದೂ ಇತ್ತು. ಆ ಸಾಲಿನ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ. ಬೇರೆಯವರ ಅಲಕ್ಷ್ಯದ ಬಗ್ಗೆ ಮಾತಾಡಲು ಬಂದವಳು ನಾನು.

ಡಾಕ್ಟರು ಪೂರ್ತಿ ಓದಿ ಕಾಗದ ಮಡಚಿ ಕೊಟ್ಟರು. ನಗಲಿಲ್ಲ. ನಂಟು ಇದ್ದರೂ ಇದ್ದೀತು, ನಿಮ್ಮ ಅಜ್ಜಿ ಹೇಳಿದ್ದು ಹುಚ್ಚು ಮಾತೇನಲ್ಲ ಎಂದರು. ಆದರೆ ಯಾವ ಬ್ಯಾಕ್ಟೀರಿಯಾ, ಎಷ್ಟು, ಯಾವ ಮಗುವಿಗೆ, ಇದು ಯಾರಿಗೂ ತಿಳಿದಿಲ್ಲ. ಮೊಸರು ಊಟ, ಔಷಧ ಅಲ್ಲ. ಎರಡನ್ನೂ ಕೊಡೋಣ ಎಂದರು. ನಾನು ಎದ್ದೆ. ನಾನೇ ಸಾಕ್ಷಿ ಇದ್ದೇನೆ ಡಾಕ್ಟರ್, ಒಂದು ಗುಳಿಗೆ ಇಲ್ಲದೆ ಸರಿಯಾದವಳು ಎಂದು ಹೇಳಿ ಬಂದೆ.

ಒಂದೂವರೆ ವರ್ಷ. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು. ಆಯಿಯ ಹೆಪ್ಪು, ಆಯಿಯ ಕಂಚಿನ ಬಟ್ಟಲು, ಆಯಿಯ ಚಟ್ನಿ. ಅಂಗಡಿಯ ಚಟ್ನಿ ಸರಿಬರಲಿಲ್ಲ, ಅದು ಕಹಿ ಇರುತ್ತಿರಲಿಲ್ಲ. ನಾನೇ ಹುರಿಯುತ್ತಿದ್ದೆ. ಹದವಾಗಿ ಹುರಿದರೆ ಕಹಿ ಬರುತ್ತಿರಲಿಲ್ಲ. ಆಯಿಯ ಕೈ ರುಚಿ ಬರಬೇಕಾದರೆ ಗುರೆಳ್ಳು ಸೀದು ಹೊಗೆ ಏಳುವವರೆಗೆ ಹುರಿಯಬೇಕಾಗುತ್ತಿತ್ತು. ಮಗಳು ಮುಖ ಕಿವುಚಿ ತಿನ್ನುತ್ತಿದ್ದಳು. "ಹಂಗ ಹುರದ್ರನ ಗುಣ," ಎಂದು ನಾನು ಎದುರು ಕೂತು ಬಟ್ಟಲು ನೆಕ್ಕಿಸುತ್ತಿದ್ದೆ. ಶಾಲೆಯ ಗೇಟಿನಲ್ಲಿ ಬೇರೆ ತಾಯಂದಿರಿಗೂ ಉಪದೇಶ ಮಾಡುತ್ತಿದ್ದೆ.

ಮಗಳಿಗೆ ಗುಣವಾಗಲಿಲ್ಲ. ಮೂರನೆಯ ಇಯತ್ತೆಯಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಹುಟ್ಟುಹಬ್ಬಗಳಿಗೆ ಕರೆ ಬರುವುದು ನಿಂತಿತು. ಒಂದು ದಿನ ಹೋಮ್‌ವರ್ಕಿನ ಮುಂದೆ ಕೂತು, "ಮಮ್ಮೀ, ನಾ ದಡ್ಡಿ ಇದ್ದೀನಿ, ಹೌದಿಲ್ಲೋ?" ಎಂದು ಕೇಳಿದಳು. ಅಲ್ಲ ಎಂದೆ. ಇನ್ನೊಂದು ಚಮಚ ಮೊಸರು ಹಾಕಿದೆ. ಅದಾದ ಒಂದು ವಾರಕ್ಕೆ ಶಾಲೆ ಬಿಟ್ಟಾಗ ಗಾಳಿಗೆ ಹಾರಿದ ತನ್ನ ಟೋಪಿಯ ಹಿಂದೆ ರಸ್ತೆಗೆ ಓಡಿದಳು. ಸ್ಕೂಟರಿನವನು ಬ್ರೇಕು ಹಾಕಿದ್ದರಿಂದ ಬರೀ ಕೈ ಮುರಿಯಿತು. ಬರೀ ಕೈ ಎಂದು ಈಗ ಬರೆಯುತ್ತೇನೆ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಸಹಾಯಕ್ಕೆಂದು ಅವ್ವ ಬಂದಳು. ಬಂದ ಎರಡನೆಯ ದಿನ ಮಧ್ಯಾಹ್ನ ನಾನು ಗುರೆಳ್ಳು ಹುರಿಯುತ್ತಿದ್ದೆ. ಹೊಗೆ ಅಡುಗೆಮನೆ ತುಂಬಿತು. ಅವ್ವ ಕೆಮ್ಮುತ್ತ ಬಂದಳು.

"ಏನವ್ವಾ ಇದು, ಸುಟ್ಟ ಕರ್ರಗಾಗ್ಯಾವ. ಯಾಕ ಹಿಂಗ ಹುರೀತಿ?"

"ಆಯಿ ಹಿಂಗ ಹುರೀತಿದ್ಲು. ಕಹಿ ಬಂದ್ರನ ಗುಣ ಬರೋದು. ನಿನಗ ಗೊತ್ತಿಲ್ಲೇನು?"

ಅವ್ವ ಗ್ಯಾಸ್ ಆರಿಸಿದಳು. ಬಾಣಲೆ ಕೆಳಗಿಳಿಸಿದಳು. ಹೊರಗಿನ ಖೋಲಿಯಲ್ಲಿ ಪ್ಲಾಸ್ಟರಿನ ಕೈ ಎದೆಗೆ ಕಟ್ಟಿಕೊಂಡು ಟಿವಿ ನೋಡುತ್ತಿದ್ದ ಮಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು.

"ನಿಮ್ಮ ಆಯಿ ಗುರೆಳ್ಳ ಎಂದೂ ಸುಟ್ಟಾಕಿ ಅಲ್ಲ. ಆ ಕಹಿ ಗುರೆಳ್ಳಿಂದಲ್ಲವ್ವ. ಗುಳಿಗಿದು."

"ಯಾವ ಗುಳಿಗಿ?" ಎಂದೆ.

ಅವ್ವ ಹೇಳಿದ್ದು ಇಷ್ಟು. ಸಹಾಮಾಹಿಯಲ್ಲಿ ನಾನು ಫೇಲಾದ ದಿನ ಆಯಿ ಊಟ ಮಾಡಲಿಲ್ಲ. ಮರುದಿನ ಅಪ್ಪನನ್ನು ಕರೆದು, ಆ ಗುಳಿಗಿ ತಗೊಂಡ ಬಾ ಎಂದಳು. ಅರ್ಧ ಗುಳಿಗೆಯನ್ನು ಚಮಚದ ಬೆನ್ನಿನಿಂದ ಅರೆದು ಚಟ್ನಿಯಲ್ಲಿ ಬೆರೆಸಿದಳು. ಬರೀ ಮೊಸರಿನಲ್ಲಿ ಕಹಿ ತಿಳಿದೀತೆಂದೇ ಖಾರದ ಕಪ್ಪು ಚಟ್ನಿ. ಅಪ್ಪನಿಗೂ ಅವ್ವನಿಗೂ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದಳು. ಎರಡು ವರ್ಷ ಅಪ್ಪ ತಿಂಗಳಿಗೊಮ್ಮೆ ಡಾಕ್ಟರ ಬಳಿಗೆ ಒಬ್ಬನೇ ಹೋಗಿಬರುತ್ತಿದ್ದ. ಏಳನೆಯದರಲ್ಲಿ ಡಾಕ್ಟರೇ ಕಡಿಮೆ ಮಾಡುತ್ತ ನಿಲ್ಲಿಸಿದರು. ತಮ್ಮನಿಗೆ ಬಿದ್ದ ಹೊಡೆತದ ಅರ್ಥ ಆಗ ಆಯಿತು. ಎದುರು ಕೂತು ಬಟ್ಟಲು ನೆಕ್ಕಿಸುತ್ತಿದ್ದದ್ದರ ಅರ್ಥವೂ.

"ಆಕಿಗಿ ಮೊಸರಿನ ಮ್ಯಾಲ ನಂಬಿಕಿ ಅದ, ಅದನ್ನ ಮುರೀಬ್ಯಾಡ್ರಿ ಅಂದ್ರು ನಮ್ಮತ್ತಿ. ನೀನೂ ಚಲೋ ಆದಿ. ಆಮ್ಯಾಲ ಹೇಳಿ ಏನ ಮಾಡೂದಿತ್ತು?"

"ನನ್ನ ಮಗಳಿಗೆ ಒಂದೂವರಿ ವರ್ಷ ನಾ ಮೊಸರ ತಿನ್ನಸೂದು ನೀ ನೋಡ್ಕೊಂತ ಕೂತಿದ್ದೆಲ್ಲ! ಆವಾಗರೆ ಹೇಳಬೇಕಿತ್ತಿಲ್ಲೋ?"

"ಆಣಿ ಮಾಡಿದ್ದೆನವ್ವ," ಎಂದಳು ಅವ್ವ.

ಆಣೆ. ಮಗು ಸ್ಕೂಟರಿನ ಕೆಳಗೆ ಬೀಳುವವರೆಗೆ ಕಾಯುವ ಆಣೆ. ನಾನು ಅವತ್ತು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬಾಯಿಗೆ ಬಂದದ್ದೆಲ್ಲ ಆಡಿದೆ. ಅಪ್ಪನಿಗೆ ಫೋನು ಮಾಡಿದೆ. "ಹಳೀ ಮಾತು ಈಗ್ಯಾಕ?" ಎಂದ. ಫೋನು ಇಟ್ಟೆ. ನಂಬಿ ಕೆಟ್ಟವರಿಲ್ಲ ಎನ್ನುತ್ತಾರೆ, ನಾನು ಕೆಟ್ಟೆ. ನಾನು ಕೆಟ್ಟದ್ದಾದರೆ ಹೋಗಲಿ, ಮಗಳನ್ನೂ ಕೆಡಿಸಿದೆ. ನನಗೆ ಮೋಸ ಮಾಡಿದವರ ಪಟ್ಟಿ ಬರೆದರೆ ನನ್ನನ್ನು ಪ್ರೀತಿಸಿದವರ ಪಟ್ಟಿಯೂ ಅದೇ ಆಗುತ್ತದೆ. ಇದು ನನಗೆ ಇವತ್ತಿಗೂ ನುಂಗಲಾಗದ ಮಾತು.

ಸಂಜೆ ಮೊಸರಿನ ಪಾತ್ರೆ ಎತ್ತಿ ಮೋರಿಯ ಹತ್ತಿರ ಒಯ್ದೆ. ಚೆಲ್ಲಲಾಗಲಿಲ್ಲ. ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ದುಡಿದವಳು ನಾನು. ಎರಡು ವಸ್ತು ಕೂಡಿಸಿ ಕೊಟ್ಟರೆ ಫಲ ಯಾವುದರದ್ದೆಂದು ಹೇಳಲಾಗದು ಎಂಬುದು ಅಲ್ಲಿಯ ಮೊದಲ ಪಾಠ. ಹೊಸ ಹುಡುಗಿಯರಿಗೆ ಅದನ್ನು ಕಲಿಸುತ್ತಿದ್ದವಳು ನಾನೇ. ನನ್ನ ತಲೆ ನಿಲ್ಲಿಸಿದ್ದು ಗುಳಿಗೆಯೋ, ಗುಳಿಗೆ ನಿಲ್ಲುವಂತೆ ಹೊಟ್ಟೆ ನಿಲ್ಲಿಸಿದ ಮೊಸರೋ, ಬರೀ ವಯಸ್ಸೋ, ಎದುರು ಕೂತ ಮುದುಕಿಯೋ. ಇನ್ನು ಯಾರೂ ಹೇಳಲಾರರು. ಹೆಪ್ಪಿನ ಮಾತಿನಲ್ಲಿ ಆಯಿ ಸರಿಯಾಗಿಯೇ ಇದ್ದಿರಬಹುದು. ಆದರೆ ಅದನ್ನು ಮೊದಲು ನಂಬದೆ ಹೋದವಳು ಅವಳೇ. ನಂಬುವ ಕೆಲಸವನ್ನೆಲ್ಲ ನನ್ನೊಬ್ಬಳ ತಲೆಗೆ ಕಟ್ಟಿ ಹೋದಳು. ಪಾತ್ರೆಯನ್ನು ಮತ್ತೆ ಒಳಗಿಟ್ಟೆ. ಪಾಪದ ಬ್ಯಾಕ್ಟೀರಿಯಾಗಳು ಯಾರಿಗೂ ಆಣೆ ಮಾಡಿರಲಿಲ್ಲ.

ಮರುವಾರ ಡಾಕ್ಟರ ಬಳಿಗೆ ಹೋದೆವು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವರು ಗುಳಿಗೆ ಬರೆದರು. ಅವ್ವನ ಜೊತೆ ನಾನು ಆಗ ಮಾತು ಬಿಟ್ಟಿದ್ದೆ. ಆದರೂ ಒಳಗೆ ಒಂದು ಮೂಲೆಯಲ್ಲಿ, ಅವ್ವ ಸುಳ್ಳು ಹೇಳುತ್ತಿರಬಹುದೇ ಎಂಬ ಆಸೆ ಇತ್ತು. ಅತ್ತೆ ಸೊಸೆಗೆ ಎಂದೂ ಅಷ್ಟಕ್ಕಷ್ಟೇ. ಸತ್ತವಳ ಹೆಸರು ಕೆಡಿಸಲು ಹೇಳಿರಬಹುದು ಎಂದು ಯೋಚಿಸಿದೆ. ಎಂಥ ಮಗಳು ನಾನು, ನೋಡಿ. ತಾಯಿ ಸುಳ್ಳಿಯಾಗಲಿ ಎಂದು ಬೇಡುತ್ತಿದ್ದೆ.

ಬೆಳಿಗ್ಗೆ ಮಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿದೆ. ಗುಳಿಗೆಯನ್ನು ಮುರಿದು ಅರ್ಧವನ್ನು ಅವಳ ಅಂಗೈಯಲ್ಲಿಟ್ಟೆ.

"ಇದು ಔಷಧ. ತೆಲಿ ಒಂದ ಕಡೆ ನಿಲ್ಲಲಿಕ್ಕೆ. ಕಹಿ ಇರ್ತದ. ನೀ ದಡ್ಡಿ ಇದ್ದೀ ಅಂತ ಅಲ್ಲ."

ಅವಳು ಗುಳಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನೀರಿನ ಜೊತೆ ನುಂಗು ಎನ್ನುವುದರೊಳಗೆ ಬಾಯಿಗೆ ಹಾಕಿ ಕಟಕ್ಕನೆ ಕಡಿದಳು. ಮುಖ ಕಿವುಚಿತು. ಆದರೂ ಉಗುಳಲಿಲ್ಲ. ಒಂದೇ ಗುಟುಕಿಗೆ ಅರ್ಧ ಲೋಟ ನೀರು ಕುಡಿದು ಮುಗಿಸಿದಳು.

ತಟ್ಟೆಯಲ್ಲಿ, ಗುಳಿಗೆ ಮುರಿದಲ್ಲಿ, ಸ್ವಲ್ಪ ಬಿಳಿ ಪುಡಿ ಉಳಿದಿತ್ತು. ನಾನು ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ. ಹೆಸರು ಬೇರೆ, ಕಾಲ ಬೇರೆ. ಆದರೆ ಕಹಿ ನಾಲಿಗೆಯ ಬುಡದಲ್ಲಿ ಹೋಗಿ ಕೂತದ್ದು ಅದೇ ಜಾಗದಲ್ಲಿ. ಸುಟ್ಟ ಗುರೆಳ್ಳು ಒಂದೂವರೆ ವರ್ಷದಲ್ಲಿ ಒಂದು ದಿನವೂ ಮುಟ್ಟದ ಜಾಗ ಅದು. ಕಂಚಿನ ಬಟ್ಟಲು, ಒಳಗಿನ ಖೋಲಿ, ಎದುರು ಕೂತ ಆಯಿ. ಅವ್ವ ಸುಳ್ಳು ಹೇಳಿರಲಿಲ್ಲ.

"ಮಮ್ಮೀ, ನೀ ಯಾಕ ಅಳಾಕತ್ತೀದಿ? ಕಹಿ ಅದ ಅಂತ ನೀನ ಹೇಳಿದ್ದೆಲ್ಲ," ಎಂದಳು ಮಗಳು.

ಹೇಳಿದ್ದೆ. ಅದಕ್ಕೇ ಅವಳು ಉಗುಳಲಿಲ್ಲ. ಆಯೀ, ನಾನೂ ಉಗುಳುತ್ತಿರಲಿಲ್ಲ. ಇದು ಗುಳಿಗಿ, ಭಾಳ ಕೆಟ್ಟ ಇರ್ತದ, ಕಣ್ಣ ಮುಚ್ಚಿ ನುಂಗು, ನಾ ಅದೀನಿ ಎಂದು ಕೈಗೆ ಕೊಟ್ಟಿದ್ದರೆ ನಿನ್ನ ಕೈಯಿಂದ ನಾನು ಏನನ್ನಾದರೂ ನುಂಗುತ್ತಿದ್ದೆ.